ಗಂಗವ್ವನ ಬಯಕೆ ತೀರಿಸಿದ್ದು

ಬಸುರಿಯ ಬಯಕೆ ತೀರಿಸದೆ ಬಿಟ್ಟರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಶಂಕ್ರೆವ್ವನ ಪಾಲಿಗೆ ಇದು ಬರೀ ನಂಬಿಕೆಯಲ್ಲ, ಅನುಭವ. ಅವಳ ಮಗ ಮಹಾಂತಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವ ಆಳೆತ್ತರದ ಗಂಡಸು. ಆದರೂ ಅವನ ಎಡಗಿವಿ ಇನ್ನೂ ಸೋರುತ್ತಿತ್ತು. ಅವನು ಹೊಟ್ಟೆಯಲ್ಲಿದ್ದಾಗ ತನಗೆ ಶೇಂಗಾ ಉಂಡಿ ತಿನ್ನಬೇಕೆನಿಸಿತ್ತು, ಅತ್ತೆ ಮಾಡಿಕೊಡಲಿಲ್ಲ, ಅದಕ್ಕೇ ಹೀಗಾಯಿತು ಎಂದು ಅವಳು ಕಾರ್ಖಾನೆಯವರ ಸಾಲುಮನೆಗಳ ಚಾಳಿನಲ್ಲಿ ಎಲ್ಲರಿಗೂ ಹೇಳಿದ್ದಳು.

ಹಾಗಾಗಿ ಸೊಸೆ ಶಿವಗಂಗವ್ವ ಬಸುರಾದದ್ದು ತಿಳಿದ ದಿನದಿಂದಲೇ ಶಂಕ್ರೆವ್ವ ಬೆನ್ನು ಹತ್ತಿದಳು. "ಗಂಗವ್ವಾ, ಏನ ತಿನಬೇಕ ಅನಸ್ತೈತಿ? ನಾಚಬ್ಯಾಡ, ಹೇಳು."

"ಏನೂ ಬ್ಯಾಡ್ರಿ ಅತ್ತಿ."

ಇದು ಶಂಕ್ರೆವ್ವ ಕೇಳಬಾರದಿದ್ದ ಉತ್ತರ. ಏನೂ ಬೇಡ ಅನ್ನುವ ಬಸುರಿಯನ್ನು ಅವಳು ಕಂಡಿರಲಿಲ್ಲ. ಹುಣಸೆಹಣ್ಣು ತಂದಳು, ಕರಚಿಕಾಯಿ ಮಾಡಿದಳು, ಊರಿಂದ ಕೆಮ್ಮಣ್ಣಿನ ಹೆಂಟೆ ತರಿಸಿದಳು. ಮಹಾಂತಪ್ಪನ ಜೊತೆ ಕೆಲಸ ಮಾಡುವವನೊಬ್ಬ ಕುಂಬಾರವಾಡದಿಂದ ಹಲಸಿನಹಣ್ಣು ಕಳಿಸಿದ. ಆ ಕಡೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಣ್ಣು ಬಂದು ಮುಟ್ಟುವಷ್ಟರಲ್ಲಿ ಇಡೀ ಚಾಳಿಗೆ ಅದರ ವಾಸನೆ ಮೊದಲೇ ತಲುಪಿತ್ತು. ಗಂಗವ್ವ ಕೊಟ್ಟದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ಒದ್ದೆ ಕಾಗದ ಅಗಿದ ಹಾಗೆ ಅಗಿದು ನುಂಗಿದಳು.

ಅವಳು ನವಲಗುಂದದ ಕಡೆಯ ಎರೆಭೂಮಿಯ ಹುಡುಗಿ. ತವರಿನಲ್ಲಿ ತಾಯಿ ಇರಲಿಲ್ಲ. ಆದರೆ ಇಲ್ಲಿ ಗಂಡ ಕೈ ಎತ್ತುವವನಲ್ಲ, ಅತ್ತೆ ಅನ್ನಕ್ಕೆ ತುಪ್ಪ ಸುರಿಯುವಾಗ ಕೈ ಹಿಡಿಯುವವಳಲ್ಲ. ನಿನಗ ಏನ ಕಮ್ಮಿ ಆಗೇತಿ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಕಮ್ಮಿ ಏನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸುತ್ತಿತ್ತು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಎದೆಯ ಮೇಲೆ ಒಳಕಲ್ಲು ಇಟ್ಟಂತಾಗುತ್ತಿತ್ತು. ಹೊಟ್ಟೆಯಲ್ಲಿ ಕೂಸು ಮಿಸುಕಿದರೆ ಉಳಿದವರು ಹಿಗ್ಗುತ್ತಿದ್ದರು. ಅವಳಿಗೆ ಮಾತ್ರ ಯಾರದೋ ಮನೆಯ ಬಾಗಿಲನ್ನು ಯಾರೋ ಬಡಿದಂತೆ ಕೇಳುತ್ತಿತ್ತು. ಕಾಳಿ ಹೊಳೆಗೆ ಬಟ್ಟೆ ಒಗೆಯಲು ಹೋದರೆ ನೀರನ್ನೇ ನೋಡುತ್ತ ನಿಲ್ಲುವಳು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ಒಳಗಿನಿಂದ ಯಾರೋ ಹೇಳಿದಂತಾಗುವುದು. ಹೆದರಿ, ಅರ್ಧ ಒಗೆದ ಬಟ್ಟೆಯನ್ನೇ ಹಿಂಡಿಕೊಂಡು ಮನೆಗೆ ಬರುವಳು. ಮರುದಿನ ಮತ್ತೆ ಅದೇ. ಯಾರಿಗೆ ಹೇಳುವುದು? ಹೇಳಿದರೆ ತುಪ್ಪ ಹೆಚ್ಚಾಯಿತು ಎಂದಾರು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಶಂಕ್ರೆವ್ವ ಹಟ ಹಿಡಿದು ಕೂತಳು. "ಇವತ್ತ ನೀ ಬಯಕಿ ಹೇಳೂತನಕ ನಾ ಉಣ್ಣಾಕಿ ಅಲ್ಲ ನೋಡ."

ಗಂಗವ್ವನಿಗೆ ಸುಳ್ಳು ಹುಡುಕುವಷ್ಟು ಶಕ್ತಿಯೂ ಉಳಿದಿರಲಿಲ್ಲ. "ಅತ್ತಿ, ನನಗ ಸಾಯಬೇಕ ಅನಸ್ತೈತ್ರಿ. ಅದೊಂದ ಬಯಕಿ. ಬ್ಯಾರೆ ಯಾವುದೂ ಇಲ್ಲ."

ಹೇಳಿ, ಕಪಾಳಕ್ಕೆ ಬೀಳಬಹುದಾದ ಏಟಿಗೆ ಕಾದಳು. ಶಂಕ್ರೆವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಯಾವಾಗಿಂದ?"

"ಹೊಳಿ ತುಂಬಿ ಬಂದಾಗಿಂದ್ರಿ. ಬಟ್ಟಿ ಒಗ್ಯಾಕ ಹ್ವಾದ್ರ ದಂಡಿಗೆ ನಿಂತ ನೀರ ನೋಡ್ತೇನ್ರಿ."

"ದಿನಾ ಅನಸ್ತೈತೇನ?"

"ದಿನಾ."

"ಉಂಡ ಮ್ಯಾಲ ಏನರೆ ಕಡಿಮಿ?"

"ಇಲ್ರಿ."

ಶಂಕ್ರೆವ್ವ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, ಆ ಹಿಡಿತ ಸಡಿಲಿಸದೆ ಪಕ್ಕದ ಮನೆಯ ಗೋದುಬಾಯಿಯ ಹೊಸ್ತಿಲಿಗೆ ಕರೆದೊಯ್ದಳು. "ಗೋದುಬಾಯಿ, ಅಂತೂ ಬಯಕಿ ಏನಂತ ಗೊತ್ತಾತವ್ವ. ಆದ್ರ ತೀರಸಾಕ ಜರಾ ಅಡಚಣಿ ಐತಿ."

ಗೋದುಬಾಯಿ ಖಾನಾಪುರದ ಕಡೆಯವಳು, ಐದು ಹೆತ್ತವಳು, ಮರಾಠಿ ಬೆರೆಸಿ ಮಾತಾಡುವವಳು. ವಿಷಯ ಕೇಳಿ "ಅಗ ಬಾಯಿ!" ಎಂದು ಬಾಯಿಯ ಮೇಲೆ ಕೈ ಇಟ್ಟಳು. ಆಮೇಲೆ ಇಬ್ಬರೂ ಗಂಗವ್ವನನ್ನು ನಡುವೆ ಕೂರಿಸಿಕೊಂಡು, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ವಿಚಾರ ಮಾಡಿದರು.

"ನಮ್ಮೂರಾಗ ಒಬ್ಬಾಕಿಗೆ ಹುಲಿ ಮಾಂಸ ತಿನ್ನೂ ಬಯಕಿ ಆಗಿತ್ತು," ಎಂದಳು ಗೋದುಬಾಯಿ. "ಹುಲಿ ಎಲ್ಲಿಂದ ತರೂದು? ಅಕ್ಕಿಹಿಟ್ಟ, ಬೆಲ್ಲ ಕಲಿಸಿ ಹುಲಿ ಮಾಡಿದ್ರು. ಬಾಲದಿಂದ ಹಿಡದ ತಲೀತನಕ ತಿಂದ್ಲು. ಕೂಸಿನ ಕಿವಿ ಖಣಖಣ ಅದಾವ."

"ಅಂದ್ರ ಸುಳ್ಳ ಸಾಯಿಸೂದಂತೀಯೇನ?"

"ಸುಳ್ಳಲ್ಲ. ಹಿಟ್ಟಿನ ಸಾವು."

ಸಾವೆಂದ ಮೇಲೆ ಅಂದಾನೆಪ್ಪನನ್ನು ಕೇಳಲೇಬೇಕು. ಚಾಳಿನ ಭಜನಾಮೇಳದ ಮುಖ್ಯಸ್ಥ ಅವನು. ಅವನ ತಾಳ ಬೀಳದೆ ಆ ಭಾಗದಲ್ಲಿ ಯಾರೂ ಮಣ್ಣಾಗುತ್ತಿರಲಿಲ್ಲ. ಅವನು ಮೊದಲು ಸಿಟ್ಟಾದ. "ಸುಳ್ಳ ಹೆಣಕ್ಕ ಖರೇ ಭಜನಿ ಮಾಡಿದ್ರ, ನಾಳೆ ಖರೇ ಹೆಣದ ಮುಂದ ನನ್ನ ಬಾಯಿಗೆ ಏನ ಕಿಮ್ಮತ್ತ ಉಳೀತೈತಿ?" ಆದರೆ ಗಂಗವ್ವ ಹೊಳೆಯ ದಂಡೆಯಲ್ಲಿ ನಿಲ್ಲುವ ಸಂಗತಿ ಕೇಳಿದ ಮೇಲೆ ಅವನ ಸಿಟ್ಟು ಇಳಿಯಿತು. "ನನ್ನ ತಂಗಿ ಹೀಂಗ ಬಸುರಿದ್ದಾಗ ಹ್ವಾದ್ಲು," ಎಂದ. "ಏನ ಬಯಕಿ ಅಂತ ಆಕಿನ್ನ ಯಾರೂ ಕೇಳಲಿಲ್ಲ. ಬರ್ತೇನಿ. ಆದ್ರ ಎಲ್ಲಾ ಪದ್ಧತಿ ಪ್ರಕಾರ ಆಗಬೇಕು. ಅರ್ಧಮರ್ಧ ಸಾವು ನನಗ ಒಗ್ಗೂದಿಲ್ಲ."

ಪದ್ಧತಿಯ ಮಾತು ಬಂದದ್ದೇ ಶಂಕ್ರೆವ್ವನಿಗೆ ಇನ್ನೊಂದು ಹೊಳೆಯಿತು. ಸೊಸೆಗೆ ಏಳು ತುಂಬುತ್ತಿತ್ತು, ಸೀಮಂತದ ಕುಬಸ ಮಾಡುವುದಿತ್ತು. ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು, ಉಡಿ ತುಂಬುವುದು, ಕುರ್ಚಿಯಲ್ಲಿ ಕೂರಿಸುವುದು. ಮುತ್ತೈದೆ ಸತ್ತರೂ ಹಸಿರು ಸೀರೆ, ಹಸಿರು ಬಳೆ, ಹೂವು, ಉಡಿ, ಕೂರಿಸುವುದು. "ಕುರ್ಚಿ ಒಂದ, ಸೀರಿ ಒಂದ, ಬರೂ ಮಂದಿನೂ ಅವರ. ಅಳೂದೊಂದ ಹೆಚ್ಚಿಗಿ," ಎಂದಳು. ಎರಡನ್ನೂ ಒಂದೇ ದಿನ ಮಾಡುವುದೆಂದಾಯಿತು. ಊಟಕ್ಕೆ ಏನು ಮಾಡಬೇಕು ಎಂಬುದರ ಮೇಲೆ ಮಾತ್ರ ಜಗಳವಾಯಿತು. ಸಾವಿನ ಮನೆಯಲ್ಲಿ ಸಿಹಿ ಬೇಡ ಎಂದ ಅಂದಾನೆಪ್ಪ. ಕುಬಸದ ಮನೆಯಲ್ಲಿ ಸಪ್ಪೆ ಬೇಡ ಎಂದಳು ಗೋದುಬಾಯಿ. ಕೊನೆಗೆ, ಬೆಲ್ಲ ಕಮ್ಮಿ ಹಾಕಿದ ಗೋಧಿಹುಗ್ಗಿಗೆ ಇಬ್ಬರೂ ಒಪ್ಪಿದರು.

ಗಂಗವ್ವ ಬೇಡ ಅನ್ನಲಿಲ್ಲ. ಬೇಡ ಅನ್ನಲು ಬೇಕಾದ ತ್ರಾಣ ಬೇಕು ಅನ್ನುವುದಕ್ಕಿಂತ ಹೆಚ್ಚಿನದು. ಅದಲ್ಲದೆ ಇನ್ನೊಂದು ಸಣ್ಣ ಕಾರಣವಿತ್ತು. ತಾನು ಹೋದರೆ ಇವರೆಲ್ಲ ಏನೆಂದು ಅಳುತ್ತಾರೆ? ಅದನ್ನು ಕೇಳಬೇಕೆನಿಸಿತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಏನೋ ಒಂದು ಬೇಕೆನಿಸಿತ್ತು.

ಮಹಾಂತಪ್ಪನಿಗೆ ಯಾರೂ ಹೇಳಲಿಲ್ಲ. ಗಂಡಸರಿಗೆ ಇದು ತಿಳಿಯುವುದಿಲ್ಲ ಎಂದು ಶಂಕ್ರೆವ್ವ ತೀರ್ಮಾನಿಸಿದ್ದಳು. ಅವನು ಮುಂಜಾನೆಯ ಪಾಳಿಗೆ ಹೋದ ಕೂಡಲೇ ಗಂಗವ್ವನಿಗೆ ಎರೆದು, ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಬಡಿದು, ಕಾರ್ಖಾನೆಯ ಕ್ಯಾಂಟೀನಿನಿಂದ ಎರವಲು ತಂದ ಕುರ್ಚಿಯಲ್ಲಿ ಕೂರಿಸಿದರು. ಕೊರಳಿಗೆ ಚೆಂಡುಹೂವಿನ ಮಾಲೆ ಬಿತ್ತು.

"ಕಣ್ಣ ಮುಚ್ಚು," ಎಂದಳು ಶಂಕ್ರೆವ್ವ. "ಉಸಿರ ಸಣ್ಣಗ ಬಿಡು. ಎಲ್ಲೆರೆ ತುರಿಸಿದ್ರ ನನಗ ಹೇಳು, ನಾ ತುರಸ್ತೇನಿ. ಹೆಣ ತುರಿಸಿಕೊಂಡ್ರ ಅಂದಾನೆಪ್ಪ ಎದ್ದ ಹೊಕ್ಕಾನ."

ಭಜನೆ ಶುರುವಾಯಿತು. ಗಂಗವ್ವನ ಎಡಕ್ಕೆ ಕೂತ ಹೆಂಗಸರು ಕುಬಸದ ಹಾಡು ಎತ್ತಿದರು, ಬಲಕ್ಕೆ ಕೂತವರು ಎದೆ ಬಡಿದುಕೊಂಡರು. ಒಂದು ಕಡೆಯಿಂದ ತೊಟ್ಟಿಲು, ಇನ್ನೊಂದು ಕಡೆಯಿಂದ ಮಸಣ. ಅಂದಾನೆಪ್ಪ ತಾಳ ನಿಲ್ಲಿಸಿ, "ಹಾಡವ್ರು ಹಾಡಿ ಮುಗಸ್ರಿ, ಆಮ್ಯಾಲ ಅಳವ್ರು ಅಳ್ರಿ," ಎಂದು ತೀರ್ಪು ಕೊಟ್ಟ. ಹಾಡು ಮುಗಿಯುವ ಹೊತ್ತಿಗೆ ಕೂಸು ಜೋರಾಗಿ ಒದ್ದು, ಹೊಟ್ಟೆಯ ಮೇಲಿನ ಮಾಲೆ ಅಲುಗಿತು.

"ಅಯ್ಯ, ಹೆಣಕ್ಕ ಜೀವ ಐತಿ!" ಎಂದು ವಿಷಯ ತಿಳಿಯದ ಮುದುಕಿಯೊಬ್ಬಳು ಕೂಗಿದಳು.

"ಎರಡ ಅದಾವ, ಸುಮ್ಮ ಕುಂಡ್ರ ಆಯಿ," ಎಂದಳು ಗೋದುಬಾಯಿ.

ಆಮೇಲೆ ಅಳುವ ಪಾಳಿ. ಮೊದಮೊದಲು ಅಳು ಹಿಟ್ಟಿನದೇ ಆಗಿತ್ತು. ಬಂಗಾರದ ಗೊಂಬಿ, ಮಲ್ಲಿಗಿ ಮೊಗ್ಗ, ಚಾಳಿನ ಬೆಳಕ ಎಂದರು. ಮೂಗಿನ ಮೇಲೆ ಕೂತ ನೊಣದ ಕಾಟ ತಡೆಯುತ್ತ ಗಂಗವ್ವ ಬೇಸರಪಟ್ಟಳು. ಇದು ಅವಳ ಬಗ್ಗೆ ಅಲ್ಲ, ಯಾರ ಹೆಣಕ್ಕಾದರೂ ಹೊಂದುವ ಅಳು.

ಅಷ್ಟರಲ್ಲಿ ಶಂಕ್ರೆವ್ವನ ಪಾಳಿ ಬಂತು. ಅವಳು ಸೊಸೆಯ ಮೊಣಕಾಲಿಗೆ ಹಣೆ ಹಚ್ಚಿ, ಅಳುವ ರಾಗದಲ್ಲೇ ಶುರು ಮಾಡಿದಳು. "ಯವ್ವಾ ನನ ಮಗಳs... ಹೊಳಿ ದಂಡಿಗೆ ನಿಂತಿದ್ದೆಂತಲ್ಲs... ನಾನೂ ನಿಂತಿದ್ದೆನವ್ವಾ ಬಾವಿ ದಂಡಿಗೆ... ಮಹಾಂತನ್ನ ಹೊಟ್ಟ್ಯಾಗ ಇಟಗೊಂಡುs..."

ರಾಗ ಅಲ್ಲಿಗೆ ನಿಂತಿತು. ಮಾತು ಮಾತ್ರ ನಿಲ್ಲಲಿಲ್ಲ. "ಶೇಂಗಾ ಉಂಡಿ ಅಂತ ಸುಳ್ಳ ಹೇಳಕೋತ ಬಂದೇನಿ. ಉಂಡಿ ಅಲ್ಲ. ನನ್ನ ಬಯಕಿನೂ ಇದ ಆಗಿತ್ತು. ಬಾಯಿ ಬಿಟ್ಟ ಹೇಳಾಕ ಧೈರ್ಯ ಸಾಲಲಿಲ್ಲ."

ತಾಳ ನಿಂತುಹೋಯಿತು. ಬಲಕ್ಕೆ ಕೂತಿದ್ದ ಗೋದುಬಾಯಿ ಸೆರಗಿನ ತುದಿ ಹಿಂಡಿದಳು. "ನನಗ ಬಸುರಿನಾಗ ಅಲ್ಲ, ಹಡದ ಮ್ಯಾಲ," ಎಂದಳು. "ಮೂರನೇದ್ದು ಹುಟ್ಟಿದಾಗ. ಕೂಸು ಅಳತಿತ್ತು, ಯಾರ ಕೂಸೋ ಏನೋ ಅಂತ ಗ್ವಾಡಿ ನೋಡಕೋತ ಕುಂದರತಿದ್ದೆ. ನಮ್ಮ ಅವ್ವ ಬಂದು ಬಾಜೂಕ ಮಲಗಿಕೊಂಡ್ಲು. ಏನೂ ಕೇಳಲಿಲ್ಲ, ಎದ್ದೂ ಹೋಗಲಿಲ್ಲ."

ಎಡಕ್ಕೆ ಹಾಡುವವರ ಗುಂಪಿನಲ್ಲಿ ಗುರುಸಿದ್ದವ್ವ ಇದ್ದಳು. ಅವಳು ಚಾಳಿನಲ್ಲೇ ಗತ್ತಿನ ಹೆಂಗಸು. ಯಾರ ಮನೆಯ ನೀರನ್ನೂ ಕುಡಿದವಳಲ್ಲ. "ನನಗ ಈಗೂ ಬರತೈತಿ," ಎಂದಳು. "ಸಂಜೀಮುಂದ." ಹೇಳಿ, ತಾನೇ ಗಾಬರಿಯಾಗಿ ಸುತ್ತ ನೋಡಿದಳು. ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಅಳತೊಡಗಿದರು. ಈ ಸಲದ ಅಳುವಿನಲ್ಲಿ ಗೊಂಬಿ, ಮೊಗ್ಗ ಯಾವುದೂ ಇರಲಿಲ್ಲ. ರಾಗವೂ ಇರಲಿಲ್ಲ.

ಗಂಗವ್ವ ಕಣ್ಣು ಬಿಟ್ಟಳು. "ಅತ್ತಿ, ಅವತ್ತ ಹೆಂಗ ತಿರುಗಿ ಬಂದ್ರಿ?"

"ಹೆಣ ಮಾತಾಡಬಾರದು!" ಎಂದು ಅಂದಾನೆಪ್ಪ ಮೂಗು ಒರೆಸಿಕೊಳ್ಳುತ್ತ ಗದರಿಸಿದ.

"ನೀವ ಸುಮ್ಮನಿರ್ರಿ. ಹೆಣ ಕೇಳಾಕತ್ತೈತಿ, ಹೇಳ್ತೇನಿ." ಶಂಕ್ರೆವ್ವ ಮುಖ ಎತ್ತಿದಳು. "ದೊಡ್ಡದೇನಿಲ್ಲವ್ವ. ಎಮ್ಮಿ ಒದರಾಕತ್ತಿತ್ತು. ಹಿಂಡಿ ಆಮ್ಯಾಲ ಬಂದ್ರಾತು ಅಂತ ಹ್ವಾದೆ. ಹಿಂಡಿದ ಮ್ಯಾಲ ಹಾಲ ಕಾಸಬೇಕಾತು. ಮರುದಿನ ಮತ್ತ ಅನಿಸ್ತು, ಮತ್ತ ಏನೋ ಬಂತು. ಹೀಂಗ ನಾಳೆ ನಾಳೆ ಅಂತ ಮುಂದ ಹಾಕ್ಕೋತ ಹಾಕ್ಕೋತ, ಒಂದಿನ ನೋಡ್ತೇನಿ, ಅನಸೂದ ಬಿಟ್ಟಿತ್ತು. ಯಾವಾಗ ಬಿಡ್ತು ಗೊತ್ತಾಗಲಿಲ್ಲ. ಆದ್ರ ಆ ದಿನಗೋಳು ಒಬ್ಬಾಕಿನ ಕಳದ್ನೆಲ್ಲ, ಅದು ಮಾತ್ರ ಯಾರಿಗೂ ಬ್ಯಾಡ."

ಗಂಗವ್ವ ಅತ್ತೆಯನ್ನೇ ನೋಡಿದಳು. ಇಷ್ಟು ದಿನ ಈ ಒಳಕಲ್ಲನ್ನು ಜಗತ್ತಿನಲ್ಲಿ ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಇಡೀ ಚಾಳೇ ಒಂದೊಂದು ಒಳಕಲ್ಲು ಹೊತ್ತು ನೀರಿಗೆ ಹೋಗಿ ಬರುತ್ತಿತ್ತು. ಅವಳಿಗೆ ಅಳು ಬಂತು. ಆಷಾಢದಿಂದ ಈಚೆ ಮೊದಲ ಸಲ ಬಂದ ಅಳು. ವಿಭೂತಿ ಕರಗಿ ಮೂಗಿನ ಮೇಲಿಳಿಯಿತು.

ಇತ್ತ ಇದು ನಡೆಯುವಾಗ ಅತ್ತ ಕುರ್ಚಿ ಕೊಟ್ಟ ಕ್ಯಾಂಟೀನಿನವನು ಕುರ್ಚಿ ಯಾಕೆಂದು ನಾಲ್ಕು ಜನಕ್ಕೆ ಹೇಳಿದ್ದ. ಮಾತು ಬಿದಿರು ಕತ್ತರಿಸುವ ಯಂತ್ರದ ಸದ್ದು ದಾಟಿ ಹೋಗುವಾಗ ಅದರಲ್ಲಿನ 'ಸುಳ್ಳು' ಎಂಬ ಪದ ಕತ್ತರಿಸಿ ಬಿತ್ತು. ಮಹಾಂತಪ್ಪನ ಕಿವಿಗೆ, ಅದೂ ಎಡಗಿವಿಗೆ, ಬಿದ್ದದ್ದು ಇಷ್ಟೇ: ನಿನ್ನ ಹೇಣ್ತಿ ಹ್ವಾದ್ಲಂತ, ಕುರ್ಚಿ ಒಯ್ದಾರ.

ಅವನು ಓಡಿದ. ಅವನ ಹಿಂದೆ ಅವನ ಪಾಳಿಯವರೆಲ್ಲ ಓಡಿದರು. ಬೇರೆ ಬೇರೆ ಊರಿನ, ಬೇರೆ ಬೇರೆ ಪದ್ಧತಿಯ ಜನ. ಸಾವೆಂದರೆ ಚಟ್ಟ ಬೇಕಾದೀತೆಂದು ಕೆಲವರು ಕಾರ್ಖಾನೆಯ ಅಂಗಳದಲ್ಲಿದ್ದ ಬಿದಿರನ್ನೂ ಹೊತ್ತು ತಂದರು. ಒಬ್ಬ ದಾರಿಯಲ್ಲಿ ಮಾಲೆ ಕೊಂಡ. ಮಹಾಂತಪ್ಪ ಬಾಗಿಲಿಗೆ ಬಂದು ನಿಂತಾಗ ಹೆಂಡತಿ ಮಾಲೆ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಬಂದ್ರೀ? ಇವತ್ತ ಪಾಳಿ ಲಗೂನ ಬಿಟ್ಟಿತೇನ್ರಿ?" ಎಂದು ಕೇಳಿದಳು.

ಮಹಾಂತಪ್ಪ ದೊಪ್ಪನೆ ಬಿದ್ದ. ನೀರು ಚಿಮುಕಿಸಿ, ಎತ್ತಿ, ಕುರ್ಚಿಯ ಪಕ್ಕದ ಗೋಡೆಗೆ ಒರಗಿಸಿ ಕೂರಿಸಿದರು. ಮಾಲೆ ತಂದವನು ತಡವಾಗಿ ಒಳಗೆ ಬಂದು, ಯಾರು ಸತ್ತವರೆಂದು ತಿಳಿಯದೆ, ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದ ಮಹಾಂತಪ್ಪನ ಕೊರಳಿಗೇ ಮಾಲೆ ಹಾಕಿ ಕೈಮುಗಿದ.

ಎಚ್ಚರವಾದ ಮೇಲೆ ಮಹಾಂತಪ್ಪ ಕೂಗಾಡಿದ. "ಸಾಯೂದಿದ್ರ ಗಂಡಗ ಒಂದ ಮಾತ ಹೇಳಬೇಕೋ ಬ್ಯಾಡೋ? ಏನ ಮನಿನೋ ಇದು, ಏನ ಛತ್ರನೋ!" ಕೂಗುತ್ತ ಕೂಗುತ್ತ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ದನಿ ಇಳಿಯಿತು. "ಖರೇನ ಅನಸ್ತಿತ್ತೇನ ನಿನಗ?"

"ಅನಸ್ತಿತ್ತು ಅಲ್ರಿ, ಈಗೂ ಅನಸ್ತೈತಿ," ಎಂದಳು ಗಂಗವ್ವ. "ಇವತ್ತ ಇಷ್ಟ ಮಂದಿ ಅದಾರ, ಜರಾ ಹಗುರ ಐತಿ. ನಾಳೆ ಮತ್ತ ಬರತೈತಿ."

ಅವನು ಅವಳ ಪಾದ ಹಿಡಿದುಕೊಂಡ. ಹೆಣದ ಪಾದವೋ ಬಸುರಿಯ ಪಾದವೋ, ಎರಡಕ್ಕೂ ನಮಸ್ಕಾರ ಸಲ್ಲುತ್ತದೆ ಎಂದು ಅಂದಾನೆಪ್ಪ ಸುಮ್ಮನಿದ್ದ. ಹುಗ್ಗಿಗೆ ಬೆಲ್ಲ ಕಮ್ಮಿಯಾಗಿದೆ ಎಂದು ಚಟ್ಟದ ಬಿದಿರು ತಂದವರು ಗೊಣಗುತ್ತಲೇ ಎರಡು ಸಲ ಹಾಕಿಸಿಕೊಂಡರು.

ಮರುದಿನ ಮಹಾಂತಪ್ಪ ದವಾಖಾನೆಯ ನರ್ಸಬಾಯಿಯನ್ನು ಮನೆಗೆ ಕರೆತಂದ. ಆಕೆ ಗಂಗವ್ವನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿಸಿ, ಹೊರಗೆ ಬಂದು ಹೇಳಿದಳು. "ಬಸುರಿನ್ಯಾಗ ಕಾಲಿಗೆ ಬಾವು ಬರೂದಿಲ್ಲೇನ, ಹಂಗ ಮನಸಿಗೂ ಬ್ಯಾನಿ ಬರತೈತಿ. ಇದು ಸೊಕ್ಕೂ ಅಲ್ಲ, ದೆವ್ವನೂ ಅಲ್ಲ. ಇದಕ್ಕ ನನ್ನ ಹಂತೇಕ ಗುಳಿಗಿ ಇಲ್ಲ. ಧಾರವಾಡದಾಗ ಡಾಕ್ಟರ ಅದಾರ, ತೋರಸ್ರಿ. ಅಲ್ಲೀತನಕ ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಹೊಳಿಗಂತೂ ಬ್ಯಾಡs ಬ್ಯಾಡ."

ಧಾರವಾಡದ ಡಾಕ್ಟರರು ವಯಸ್ಸಾದವರು, ನಿಧಾನದವರು. ಇದುವರೆಗೆ ಏನು ಉಪಚಾರ ಮಾಡಿದ್ದೀರಿ ಎಂದು ಕೇಳಿದರು.

"ಒಂದ ಸಲ ಸಾಯಿಸಿ ನೋಡೀವ್ರಿ ಸಾಹೇಬ್ರ," ಎಂದಳು ಶಂಕ್ರೆವ್ವ. "ಪೂರಾ ಗುಣ ಆಗಲಿಲ್ಲ."

ಡಾಕ್ಟರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಡೆದದ್ದೆಲ್ಲ ಕೇಳಿದರು. ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದರು. ತಿರುಗಿ ಬಂದಾಗ ಗಂಭೀರವಾಗಿದ್ದರು. "ಇನ್ನ ಮ್ಯಾಲ ಸಾಯಸಬ್ಯಾಡ್ರಿ. ಆದ್ರ ಅವತ್ತ ಎಲ್ಲಾರೂ ಕೂತ ಮಾತಾಡಿದ್ರೆಲ್ಲ, ಅದನ್ನ ಬಿಡಬ್ಯಾಡ್ರಿ," ಎಂದರು. ಔಷಧ ಕೊಟ್ಟರು, ತಿಂಗಳಿಗೊಮ್ಮೆ ಬರಲು ಹೇಳಿದರು. ಹಳಿಯಾಳದ ಮೇಲೆ ಹಾಯುವ ಬಸ್ಸಿನಲ್ಲಿ ಅತ್ತೆ ಸೊಸೆ ಕಿಟಕಿಯ ಪಕ್ಕದ ಜಾಗಕ್ಕೆ ಜಗಳವಾಡಿಕೊಂಡು ವಾಪಸು ಬಂದರು. ಗಂಗವ್ವ ಒಂದು ಜಾಗಕ್ಕಾಗಿ ಜಗಳವಾಡಿದಳೆಂದು ಶಂಕ್ರೆವ್ವ ಬಂದವರಿಗೆಲ್ಲ ಹಿಗ್ಗಿ ಹೇಳಿದಳು.

ಮಾಘದ ಚಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಷ್ಟಕ್ಕೇ ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ಬಾಣಂತಿಯ ಕೋಣೆಯಲ್ಲಿ ಕೆಲವು ವಾರ ಕತ್ತಲೆ ಮತ್ತೆ ಬಂದು ಕೂತಿತು. ಆದರೆ ಈ ಸಲ ಗಂಗವ್ವ ಅದು ಬಂದ ದಿನವೇ "ಅತ್ತಿ, ಬಂತ್ರಿ" ಎಂದಳು, ನೆಂಟರು ಬಂದರೆಂದು ತಿಳಿಸುವ ಹಾಗೆ. ಗೋದುಬಾಯಿ ಬಂದು ಬಾಜೂಕ ಮಲಗಿದಳು. ಗುರುಸಿದ್ದವ್ವ ಸಂಜೆಯ ಹೊತ್ತಿಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಏನೂ ಮಾತಾಡದೆ ಕೂತು ಹೋಗತೊಡಗಿದಳು. ಅದು ಯಾರ ಉಪಚಾರಕ್ಕೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಮಹಾಂತಪ್ಪ ಪಾಳಿ ಮುಗಿಸಿ ಬಂದು ಮೊದಲು ಹೆಂಡತಿಯನ್ನು "ಹೆಂಗೈತಿ?" ಎಂದು ಕೇಳುತ್ತಿದ್ದ. ಅವಳು "ಇವತ್ತ ಕೆಟ್ಟೈತಿ" ಎಂದರೆ ಕಾರಣ ಕೇಳದೆ ಹತ್ತಿರ ಕೂರುವುದನ್ನು ಕಲಿತಿದ್ದ.

ಮಳೆಗಾಲದ ಹೊತ್ತಿಗೆ ಕತ್ತಲೆ ಬರುವುದು ಅಪರೂಪವಾಯಿತು.

ಒಂದು ಮಧ್ಯಾಹ್ನ ಕೋಗಿಲಬನದ ಕಡೆಯಿಂದ ಗುರುತಿಲ್ಲದ ಹೆಂಗಸೊಬ್ಬಳು ನೆನೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಐದಾರು ತಿಂಗಳ ಬಸುರಿ. ಹೆಸರು ಜಮುನಾಬಾಯಿ ಎಂದಳು. ಸೆರಗಿನಲ್ಲಿ ಚೆಂಡುಹೂವು ಕಟ್ಟಿಕೊಂಡು ಬಂದಿದ್ದಳು. "ಇಲ್ಲಿ ಜೀವ ಇದ್ದವರ ಹೆಣಾ ಕುಂಡ್ರಿಸಿ ಗುಣಾ ಮಾಡ್ತಾರಂತ," ಎಂದಳು. "ಹೂವ ನಾನ ತಂದೇನಿ. ಕುರ್ಚಿ ಐತೇನ್ರಿ?"

"ಭಜನಿಯವ್ರು ಪಾಳಿಗೆ ಹೋಗ್ಯಾರವ್ವ," ಎಂದಳು ಗಂಗವ್ವ. "ಒಳಗ ಬಾ. ಕುರ್ಚಿ ಇಲ್ಲ, ಚಾಪಿ ಐತಿ."

ಒಣ ಸೀರೆ ಕೊಟ್ಟು, ಚಾಪೆ ಹಾಸಿ, ಮಲಗಿದ್ದ ಕೂಸನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಜಮುನಾಬಾಯಿ ಮೊದಲು ಮಳೆಯ ಬಗ್ಗೆ ಹೇಳಿದಳು, ಆಮೇಲೆ ಗದ್ದೆಯ ಬಗ್ಗೆ ಹೇಳಿದಳು, ಆಮೇಲೆ ನಿಜವಾದದ್ದನ್ನು ಹೇಳತೊಡಗಿದಳು. ಒಳಗೆ ಒಲೆಯ ಮೇಲೆ ಅನ್ನ ಸೀಯುವ ವಾಸನೆ ಬಂತು. ಗಂಗವ್ವ ಏಳಲಿಲ್ಲ.